ಮುಟ್ಟಿನ ನೋವು ಮತ್ತು ವಂಶದ ಬೀಜ



ಮುಟ್ಟಿನ ದಿನಗಳಲ್ಲಿ ಮಗಳು ಹೊಟ್ಟೆ ಹಿಡಿದು ಹೊರಳಾಡಿದಾಗ, “ನನಗೂ ಹೀಗೇ ಇತ್ತು, ಮದುವೆಯಾದರೆ ಹೋಗುತ್ತದೆ” ಎನ್ನುವ ತಾಯಂದಿರು ಭಂಕೂರ, ಶಹಾಬಾದ, ವಾಡಿ ಭಾಗದಲ್ಲಿ ಇಂದಿಗೂ ಇದ್ದಾರೆ. ಈ ಮಾತಿನ ಪೂರ್ವಾರ್ಧವು ವೈದ್ಯರಿಗೆ ಮುಖ್ಯವಾದ ಸುಳಿವು, ಉತ್ತರಾರ್ಧವು ಹಾನಿಕರ.

ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶವು ಅಂಡಾಶಯ, ಗರ್ಭನಾಳ, ಕರುಳು ಮೊದಲಾದೆಡೆ ಬೆಳೆಯುವ ರೋಗವೇ ಎಂಡೊಮೆಟ್ರಿಯೋಸಿಸ್. ಅದರಿಂದ ಉರಿಯೂತ, ತೀವ್ರ ನೋವು, ಕೆಲವರಲ್ಲಿ ಬಂಜೆತನ ಉಂಟಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಂತಾನಯೋಗ್ಯ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು 10 ಪ್ರತಿಶತ ಜನರಿಗೆ ಈ ವ್ಯಾಧಿಯಿದೆ.

ತಾಯಿಗೋ ಅಕ್ಕತಂಗಿಯರಿಗೋ ಈ ರೋಗವಿದ್ದರೆ ಅಪಾಯವು ಹೆಚ್ಚು. ಆದರೆ ಇದು ಒಂದೇ ವಂಶವಾಹಿಯ ದೋಷವಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 60,000ಕ್ಕೂ ಹೆಚ್ಚು ರೋಗಿಗಳನ್ನು ರೋಗವಿಲ್ಲದ ಸುಮಾರು 7 ಲಕ್ಷ ಸ್ತ್ರೀಯರೊಡನೆ ಹೋಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವು, ಅಪಾಯವನ್ನು ಹೆಚ್ಚಿಸುವ 42 ನೆಲೆಗಳನ್ನು ವಂಶವಾಹಿಗಳಲ್ಲಿ ಗುರುತಿಸಿತು. ಒಂದೊಂದರ ಪ್ರಭಾವ ಅತ್ಯಲ್ಪ. ಹಲವು ಕೂಡಿದಾಗ ಮತ್ತು ಇತರ ಕಾರಣಗಳು ಸೇರಿದಾಗ ಮಾತ್ರ ರೋಗವು ತಲೆದೋರುತ್ತದೆ. ಆದ್ದರಿಂದ ತಾಯಿಗೆ ಇದ್ದ ಮಾತ್ರಕ್ಕೆ ಮಗಳಿಗೆ ಬಂದೇ ಬರುತ್ತದೆಂದಲ್ಲ. ಈ ವ್ಯತ್ಯಾಸಗಳು ತಂದೆಯ ಕಡೆಯಿಂದಲೂ ಬರಬಲ್ಲವು. ಸೋದರತ್ತೆಯರ ನೋವನ್ನೂ ವಿಚಾರಿಸಬೇಕು.

ಆ ಅಧ್ಯಯನದಲ್ಲಿದ್ದವರು ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದವರು. ನಮ್ಮ ದೇಶದ ಸ್ತ್ರೀಯರ ಕುರಿತು ಮುಂಬಯಿಯಲ್ಲಿರುವ ರಾಷ್ಟ್ರೀಯ ಪ್ರಜನನ ಮತ್ತು ಶಿಶು ಆರೋಗ್ಯ ಸಂಶೋಧನಾ ಸಂಸ್ಥೆಯು ಪ್ರತ್ಯೇಕ ಸಂಶೋಧನೆಯನ್ನು ಕೈಗೊಂಡಿದೆ.

ಚರಕ ಸಂಹಿತೆಯ ಶಾರೀರಸ್ಥಾನವು ಬೀಜ, ಬೀಜಭಾಗ, ಬೀಜಭಾಗಾವಯವಗಳ ದೋಷವನ್ನು ವಿವರಿಸುತ್ತದೆ. ಅದೇ ಸಂಹಿತೆಯ ಚಿಕಿತ್ಸಾಸ್ಥಾನವು ವೇದನೆಯಿಂದ ಕೂಡಿದ ಋತುಸ್ರಾವವನ್ನು ಉದಾವರ್ತಿನೀ ಎಂದು ಹೆಸರಿಸಿ, ವಾತವನ್ನು ಕಾರಣವೆನ್ನುತ್ತದೆ. ಆದರೆ ಉದಾವರ್ತಿನೀ ಎಂದದ್ದೆಲ್ಲವೂ ಎಂಡೊಮೆಟ್ರಿಯೋಸಿಸ್ ಅಲ್ಲ. ಎಳ್ಳೆಣ್ಣೆಯ ಅಭ್ಯಂಗ, ಬಿಸಿ ಶಾಖ ನೋವನ್ನು ತಗ್ಗಿಸಬಹುದು. ಒಳಗಿನ ಗಂಟನ್ನು ಕರಗಿಸವು. ಕಷಾಯವನ್ನು ನಂಬಿ ತಪಾಸಣೆಯನ್ನು ಮುಂದೂಡಬಾರದು.

ಶಾಲೆ ಅಥವಾ ಕೆಲಸ ತಪ್ಪಿಸುವಷ್ಟು ನೋವು, ಮಲವಿಸರ್ಜನೆಯಲ್ಲಿ ನೋವು, ದಾಂಪತ್ಯದಲ್ಲಿ ನೋವು, ಗರ್ಭ ನಿಲ್ಲದಿರುವುದು – ಇವು ಕಂಡಲ್ಲಿ ಸ್ತ್ರೀರೋಗ ತಜ್ಞರನ್ನು ಕಾಣಿರಿ; ಮನೆತನದ ವಿವರವನ್ನು ಮುಚ್ಚಿಡದೆ ತಿಳಿಸಿರಿ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ರೋಗವಿಲ್ಲವೆಂದು ನಿಶ್ಚಯಿಸಲಾಗದು. ಕೆಲವೊಮ್ಮೆ ಲ್ಯಾಪರೊಸ್ಕೋಪಿ ಅಗತ್ಯವಾಗುತ್ತದೆ. ಸಂಪೂರ್ಣ ನಿವಾರಣೆಯ ಔಷಧವಿಲ್ಲದಿದ್ದರೂ ನೋವನ್ನು ಹತೋಟಿಯಲ್ಲಿಡಬಹುದು. ಅನೇಕರು ತಾಯಂದಿರೂ ಆಗುತ್ತಾರೆ.

ಸಂಬಂಧ ತಪ್ಪೀತೆಂಬ ಭಯದಿಂದ ಹೆಣ್ಣುಮಕ್ಕಳ ನೋವನ್ನು ಬಚ್ಚಿಡುವುದಾಗಲಿ, ಮಕ್ಕಳಾಗಲಿಲ್ಲವೆಂದು ಸೊಸೆಯನ್ನು ಹಳಿಯುವುದಾಗಲಿ ಸಲ್ಲದು. ಬೀಜವನ್ನು ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ. ಮುಟ್ಟು ಸೂತಕವಲ್ಲವೆಂದು ಬಸವಾದಿ ಶರಣರು 12ನೆಯ ಶತಮಾನದಲ್ಲಿಯೇ ಸಾರಿದರು. ಆ ಪರಂಪರೆಯ ನಾವು ಮುಟ್ಟಿನ ನೋವಿನ ಬಗೆಗೆ ಮನೆಯಲ್ಲಿ ಮಾತನಾಡಲು ನಾಚಬೇಕಾಗಿಲ್ಲ.