ಹಸ್ತಪ್ರತಿಸೂಚಿಗಳ ಉದ್ಧರಣೆಯಲ್ಲಿ ಅನುಕರಣಯಂತ್ರದ ವಿನಿಯೋಗ

ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ ದೊರೆತ ಕ್ರಿ.ಶ. 1058ರ ಶಾಸನವು ಅಲ್ಲಿನ ಘಟಿಕಾಸ್ಥಾನದ 200 ವೇದವಿದ್ಯಾರ್ಥಿಗಳನ್ನೂ 50 ಶಾಸ್ತ್ರವಿದ್ಯಾರ್ಥಿಗಳನ್ನೂ ಹೇಳಿ, ಗ್ರಂಥಗಳ ರಕ್ಷಣೆಗೆ ಆರು ಮಂದಿ ಸರಸ್ವತೀಭಂಡಾರಿಗರಿದ್ದುದನ್ನೂ ಉಲ್ಲೇಖಿಸುತ್ತದೆ. ಅದು ವೈದಿಕ ವಿದ್ಯಾಸ್ಥಾನವಾದರೂ ಅಲ್ಲಿ ಕಂಡುಬರುವ ಎಚ್ಚರ ಎಲ್ಲ ಭಂಡಾರಗಳಿಗೂ ಸಲ್ಲುವಂಥದು. ಸೇಡಂ ತಾಲೂಕಿನ ಮಳಖೇಡ, ಅಂದರೆ ಅಮೋಘವರ್ಷನ ಮಾನ್ಯಖೇಟ, ಜಿನಸೇನಾಚಾರ್ಯರ ಹೆಸರಿನೊಡನೆ ಹೆಣೆದುಕೊಂಡ ನೆಲ. ಆ ಕಾಲದ ಕರ್ತೃಲಿಖಿತ ಪ್ರತಿ ಒಂದೂ ಇಂದು ಉಳಿದಿಲ್ಲ. ಪ್ರತಿಯಿಂದ ಪ್ರತಿಗೆ ಇಳಿದುಬಂದ ಪಾಠ ಮಾತ್ರ ಉಳಿದಿದೆ.

ಪ್ರಕೃತ ವಿಚಾರವು ಅಷ್ಟು ಪ್ರಾಚೀನವಲ್ಲ. 1990ರ ದಶಕದಲ್ಲಿಯೂ ಅದರ ಮುಂದಿನ ಕೆಲವು ವರ್ಷಗಳಲ್ಲಿಯೂ ಗಣಕದಲ್ಲಿ ಬೆರಳಚ್ಚಾದ ಗ್ರಂಥಸೂಚಿಗಳು, ಶಾಸನಪಾಠಗಳು ಫ್ಲಾಪಿಗಳಲ್ಲಿ ಉಳಿದಿದ್ದರೆ ಅವುಗಳ ಗತಿಯೇನು? ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಅಚ್ಚಾದುದು. ಅದನ್ನು ಓದಲು ಕಣ್ಣು ಸಾಕು. ಫ್ಲಾಪಿಯನ್ನು ಓದಲು ಯಂತ್ರ ಬೇಕು, ಯಂತ್ರಕ್ಕೆ ತಕ್ಕ ತಂತ್ರಾಂಶವೂ ಬೇಕು. ಸೂಚಿ ತಯಾರಾದ ಮೇಲೆ ಮೂಲ ಓಲೆಗಳೇ ನಷ್ಟವಾಗಿದ್ದಲ್ಲಿ ಆ ಫ್ಲಾಪಿಯೇ ಏಕೈಕ ಸಾಕ್ಷಿ. ವಾಡಿಯ ಸಿಮೆಂಟು ಧೂಳು, ಶಹಾಬಾದದ ಕಲ್ಲುಗಣಿಯ ಪುಡಿ, ಸೇಡಂ ಚಿಂಚೋಳಿಗಳ ಬೇಸಗೆಯ ಉರಿ ಇವೆಲ್ಲ ಇಂಥ ತಟ್ಟೆಗಳಿಗೆ ಮಿತ್ರರಲ್ಲ.

ಇಲ್ಲಿ ನೆರವಿಗೆ ಬರುವುದು ‘ಕ್ಯೂಎಮು’ ಎಂಬ ಮುಕ್ತ ತಂತ್ರಾಂಶ. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಇದನ್ನು 2003ರಲ್ಲಿ ಹೊರತಂದರು. ಇದು ಇಂದಿನ ಗಣಕದೊಳಗೆ ಹಳೆಯ ಗಣಕವೊಂದನ್ನು, ಅದರ ಸಂಸ್ಕಾರಕ, ತಟ್ಟೆ, ಪರದೆಗಳ ಸಹಿತ, ಕಲ್ಪಿಸಿ ತೋರಿಸುತ್ತದೆ. ಹೊರಗಿನದು ಆತಿಥೇಯ ಗಣಕ, ಒಳಗಿನದು ಅತಿಥಿ ಗಣಕ. ಅತಿಥಿಗೆ ತಾನು ಕಲ್ಪಿತನೆಂಬ ಅರಿವಿಲ್ಲ. ತನಗೆ ಪರಿಚಿತವಾದ ಸಾಧನಗಳನ್ನು ಮಾತ್ರ ಅದು ಗುರುತಿಸುತ್ತದೆ. ಬಹುಪಾಲು ತೊಡಕುಗಳು ಹುಟ್ಟುವುದು ಇಲ್ಲಿಯೇ.

ಮೊದಲ ಕರ್ತವ್ಯ ಮೂಲವನ್ನು ಮುಟ್ಟದಿರುವುದು. ಮೂರೂವರೆ ಅಂಗುಲದ ಫ್ಲಾಪಿಯ ಮೂಲೆಯಲ್ಲಿರುವ ಸಣ್ಣ ಗುಂಡಿಯನ್ನು ಸರಿಸಿ ರಂಧ್ರ ತೆರೆದರೆ ಅದರ ಮೇಲೆ ಬರೆಯಲಾಗದು. ಅನಂತರ ಅದರ ಪೂರ್ಣ ಪ್ರತಿಬಿಂಬವನ್ನು ತೆಗೆಯಬೇಕು. 1.44 ಮೆಗಾಬೈಟಿನ ಫ್ಲಾಪಿಯ ಪ್ರತಿಬಿಂಬವು ಸರಿಯಾಗಿ 14,74,560 ಬೈಟುಗಳಿರತಕ್ಕದ್ದು. ಕಡಿಮೆಯಿದ್ದರೆ ಪ್ರತಿ ಅಪೂರ್ಣ. ಲಿಪಿಕಾರರು ಮೂವತ್ತೆರಡು ಅಕ್ಷರಗಳನ್ನು ಒಂದು ಗ್ರಂಥವೆಂದೆಣಿಸಿ ಕೊನೆಯಲ್ಲಿ ಗ್ರಂಥಾಗ್ರವನ್ನು ಕಾಣಿಸುತ್ತಿದ್ದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಗಣಕದಲ್ಲಿ ಆ ಕಾರ್ಯವನ್ನು ‘ಚೆಕ್‌ಸಮ್’ ಎಂಬ ತಾಳೆಸಂಖ್ಯೆ ಇನ್ನಷ್ಟು ಬಿಗಿಯಾಗಿ ಮಾಡುತ್ತದೆ. ಒಂದು ಬೈಟು ಬದಲಾದರೂ ಸಂಖ್ಯೆ ಬದಲಾಗುತ್ತದೆ. ಗಟ್ಟಿತಟ್ಟೆಯ ಪ್ರತಿಬಿಂಬವನ್ನಾದರೆ ಮೂಲವೆಂದು ಬದಿಗಿರಿಸಿ, ಅದರ ಮೇಲೆ ‘ಕ್ಯೂಕೌ2’ ಮಾದರಿಯ ಪದರವೊಂದನ್ನು ಹೊದಿಸಿ ಕೆಲಸ ಮಾಡಬೇಕು. ಎಲ್ಲ ತಿದ್ದುಪಡಿಗಳೂ ಪದರದಲ್ಲಿ ನಿಲ್ಲುತ್ತವೆ, ಮೂಲ ಶುದ್ಧವಾಗಿರುತ್ತದೆ. ಮೂಲಪ್ರತಿಯ ಅಂಚಿನಲ್ಲಿ ಶಾಯಿಯಿಂದ ಪಾಠಾಂತರ ಬರೆಯುವವರನ್ನು ಕಂಡಿರುವ ಓದುಗರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಸಾಧನಗಳ ಜೋಡಣೆಯಲ್ಲಿ ಹೊಸತನದ ಮೋಹ ಸಲ್ಲದು. ತಟ್ಟೆಯನ್ನು ವೇಗವುಳ್ಳ ‘ವರ್ಟ್‌ಐಓ’ ರೀತಿಯಲ್ಲಿ ಕೂಡಿಸಿದರೆ ವಿಂಡೋಸ್ ಎಕ್ಸ್‌ಪಿ ಅರ್ಧದವರೆಗೆ ಎದ್ದು, ನೀಲಿ ಪರದೆಯ ಮೇಲೆ 7ಬಿ ಎಂಬ ದೋಷಸಂಖ್ಯೆಯನ್ನು ತೋರಿ ನಿಲ್ಲುತ್ತದೆ. ತಟ್ಟೆ ಕೆಟ್ಟಿತೆಂದು ಭ್ರಮಿಸಬಾರದು. ಆ ಸಾಧನದ ಚಾಲಕವು ಎಕ್ಸ್‌ಪಿಯಲ್ಲಿಲ್ಲ, ಅಷ್ಟೆ. ಹೊಸ ‘ಕ್ಯೂ35’ ಯಂತ್ರದ ಸಾಟಾ ತಟ್ಟೆಗೂ ಇದೇ ಗತಿ. ‘ಪಿಸಿ’ ಎಂಬ ಹಳೆಯ ಯಂತ್ರಮಾದರಿಯನ್ನು ಆಯ್ದು ತಟ್ಟೆಯನ್ನು ಐಡಿಇಗೆ ಕೂಡಿಸಿದರೆ ಸಾಮಾನ್ಯವಾಗಿ ತೊಡಕು ಕಳೆಯುತ್ತದೆ. ಪರದೆಗೆ ‘ಸಿರಸ್’ ಸಾಧನ ಕೊಟ್ಟರೆ ವಿಂಡೋಸ್ 98ಕ್ಕೆ ಬಣ್ಣಗಳು ಬರುತ್ತವೆ. ಆ ವ್ಯವಸ್ಥೆಗೆ 512 ಮೆಗಾಬೈಟಿಗಿಂತ ಹೆಚ್ಚು ಸ್ಮೃತಿ ಕೊಡುವುದು ಉಪಕಾರವಲ್ಲ, ಅಪಕಾರ, 256 ಸಾಕು. ಒಂದು ಬಾರಿಗೆ ಒಂದೇ ಸಾಧನವನ್ನು ಬದಲಿಸಿ ಫಲವನ್ನು ಬರೆದಿಟ್ಟುಕೊಳ್ಳಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದವರಿಗೆ ದೋಷ ಹೋದರೂ ಕಾರಣ ತಿಳಿಯದು.

ಅನುಕರಣಕ್ಕೆ ಮಿತಿಯೂ ಉಂಟು. ಸಿ-ಡಾಕ್ ಸಂಸ್ಥೆಯ ಜಿಸ್ಟ್ ಕಾರ್ಡು ಗಣಕದೊಳಗೆ ಸಿಕ್ಕಿಸುವ ಫಲಕವಾಗಿತ್ತು; ಕ್ಯೂಎಮುವಿನಲ್ಲಿ ಅದರ ಪ್ರತಿರೂಪವಿಲ್ಲ. ಆದರೆ ಅದರಲ್ಲಿ ಬರೆದ ಪಾಠ ಇಸ್ಕಿ ಸಂಕೇತದಲ್ಲಿದ್ದರೆ ಫಲಕವಿಲ್ಲದೆಯೇ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಬಹುದು. ಮುದ್ರಕದ ಕಿಂಡಿಗೆ ಬೀಗಸಾಧನ ಬೇಡುವ ತಂತ್ರಾಂಶವಾದರೆ ಆ ಬೀಗವನ್ನೂ ಕಿಂಡಿಯುಳ್ಳ ಆತಿಥೇಯ ಗಣಕವನ್ನೂ ಹುಡುಕಬೇಕು.

ಹೊರತೆಗೆದ ಪಾಠದಲ್ಲಿ ಹಳಗನ್ನಡದ ಱ, ೞ ಅಕ್ಷರಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ಅಕ್ಷರಾಕೃತಿಗಳಿಗೆ ಸಂಕೇತ ಕೊಟ್ಟ ಹಳೆಯ ಫಾಂಟುಗಳಿಂದ ಪರಿವರ್ತಿಸುವಾಗ ೞಕಾರವು ಳಕಾರವಾಗಿಯೋ ಅರ್ಥವಿಲ್ಲದ ಗುರುತಾಗಿಯೋ ಬಿಡಬಹುದು. ಯೂನಿಕೋಡಿನಲ್ಲಿಯೂ ೞಕಾರಕ್ಕೆ ಮೊದಲು ‘ಫ’ ಎಂಬ ತಪ್ಪು ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಪದ್ಧತಿ ಅಲ್ಲಿಲ್ಲವಾದ್ದರಿಂದ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. ‘ಬಾೞ್’ ಎಂಬುದು ‘ಬಾಳ್’ ಆಗಿ ಇಳಿದರೆ, ದೋಷವು ಲಿಪಿಕಾರನದೋ ಸೂಚಿಕಾರನದೋ ಯಂತ್ರದ್ದೋ ಎಂಬುದನ್ನು ಮುಂದಿನ ಸಂಪಾದಕನು ತಿಳಿಯಲಾರನು. ಆದಕಾರಣ ಪರಿವರ್ತಿತ ಪಾಠದೊಡನೆ ಮೂಲ ಕಡತವನ್ನೂ, ಬಳಸಿದ ಸಾಧನಗಳ ವಿವರವನ್ನೂ, ತಾಳೆಸಂಖ್ಯೆಯನ್ನೂ ಒಂದು ಹಾಳೆಯಲ್ಲಿ ಬರೆದು ಕಟ್ಟಿನ ಜತೆಗಿಡತಕ್ಕದ್ದು.