ಮೀನಿಲ್ಲದ ಸುಶಿ, ಮಿತಿಯಿಲ್ಲದ ಊಟ

ಸುಶಿ ಎಂದೊಡನೆ ಸಸ್ಯಾಹಾರಿಗಳು ಮುಖ ತಿರುಗಿಸುವುದು ವಾಡಿಕೆ. ಹಸಿ ಮೀನಿನ ತುಂಡೇ ಸುಶಿ ಎಂಬ ಭಾವನೆ ಅಷ್ಟರಮಟ್ಟಿಗೆ ಬೇರೂರಿದೆ. ಆದರೆ ಬರಿಯ ಹಸಿ ಮೀನಿನ ಹೋಳಿಗೆ ಜಪಾನೀಯರು ಇಟ್ಟ ಹೆಸರು ಸಾಶಿಮಿ. ಸುಶಿ ಎಂಬ ಪದದ ಮೂಲಾರ್ಥ ‘ಹುಳಿಯಾದದ್ದು’ ಎಂದು. ಇಂದಿನ ಸುಶಿಯಲ್ಲಿ ಹುಳಿಯಾಗಿರುವುದು ಅನ್ನ. ಅದರ ಮೇಲೆ ಕೂರುವುದು ಮೀನಾಗಿರಬಹುದು, ಸೌತೆಕಾಯಿಯಾಗಿರಬಹುದು. ಹುಳಿಯನ್ನವಿಲ್ಲದಿದ್ದರೆ ಅದು ಸುಶಿಯಲ್ಲ. ಪುಳಿಯೋಗರೆಯನ್ನೂ ಮೊಸರನ್ನವನ್ನೂ ಬಲ್ಲ ಜನಕ್ಕೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದರ ಇತಿಹಾಸವೂ ವಿಚಿತ್ರವಾದುದು. ಮೀನು ಕೆಡದಿರಲೆಂದು ಉಪ್ಪು ಹಚ್ಚಿ ಅನ್ನದ ನಡುವೆ ತಿಂಗಳುಗಟ್ಟಲೆ ಹುದುಗಿಸಿಡುವುದು ಹಳೆಯ ಕ್ರಮ. ಅನ್ನ ಹುಳಿತು ಮೀನನ್ನು ಕಾಯುತ್ತಿತ್ತು. ತಿನ್ನುವಾಗ ಅನ್ನವನ್ನೇ ಎಸೆಯುತ್ತಿದ್ದರು. ಬಿವಾ ಸರೋವರದ ದಡದ ಫುನಾಜುಶಿ ಇಂದಿಗೂ ಆ ಪರಂಪರೆಯದೇ. ಕಾಲಕ್ರಮದಲ್ಲಿ ಅನ್ನವನ್ನೂ ತಿನ್ನತೊಡಗಿದರು. ಹುದುಗುವಿಕೆಗೆ ಕಾಯದೆ ವಿನಿಗರ್ ಬೆರೆಸಿ ಹುಳಿ ತರಿಸಿದರು. ಟೋಕಿಯೋ ನಗರ ಇನ್ನೂ ಎದೊ ಎನಿಸಿಕೊಂಡಿದ್ದ 19ನೆಯ ಶತಮಾನದ ಆರಂಭದಲ್ಲಿ, ಅಂಗೈಯಲ್ಲಿ ಒತ್ತಿ ಕೊಡುವ ಸುಶಿ ಅಲ್ಲಿ ಜನಪ್ರಿಯವಾಯಿತು. ಒಂದು ಕಾಲಕ್ಕೆ ಎಸೆಯಲ್ಪಡುತ್ತಿದ್ದ ಅನ್ನ ಹೀಗೆ ಊಟದ ಒಡೆಯನಾಯಿತು.

ಆದುದರಿಂದ ತರಕಾರಿಯ ಸುಶಿಯನ್ನು ಮೀನಿನ ಸುಶಿಯ ಬಡ ನಕಲು ಎಂದು ಬಗೆಯುವುದು ಸರಿಯಲ್ಲ. ಅದಕ್ಕೆ ತನ್ನದೇ ಆದ ಕುಲವಿದೆ. ಎಳೆ ಸೌತೆಯನ್ನು ಅನ್ನದೊಳಗಿಟ್ಟು, ಕಾಗದದಂತೆ ಒಣಗಿಸಿದ ಕಡಲಪಾಚಿಯಲ್ಲಿ ಸುತ್ತಿದರೆ ಕಪ್ಪಾಮಕಿ. ಸೌತೆಯೆಂದರೆ ಪ್ರಾಣಬಿಡುವ ಕಪ್ಪಾ ಎಂಬ ಜಲಪಿಶಾಚಿಯಿಂದ ಬಂದ ಹೆಸರು ಇದು. ಒಣಗಿಸಿದ ಮೂಲಂಗಿಯ ಉಪ್ಪಿನಕಾಯಿಯದು ಒಂದು, ಹುಳಿಯಾದ ಉಮೆ ಹಣ್ಣಿನೊಡನೆ ತುಳಸಿಯ ಬಳಗದ ಶಿಸೊ ಎಲೆ ಸೇರಿದ್ದು ಇನ್ನೊಂದು. ಹುದುಗಿಸಿದ ಸೋಯಾ ಕಾಳಿನ ನತ್ತೊ ನೂಲೆಳೆಯುತ್ತದೆ, ನಾರುತ್ತದೆ. ಮೊದಲ ದಿನವೇ ಅದನ್ನು ಮೆಚ್ಚುವವರು ಕಡಿಮೆ. ಎಲ್ಲಕ್ಕಿಂತ ನಮಗೆ ಹತ್ತಿರದ್ದು ಕಂಪ್ಯೊ. ಸೋರೆಕಾಯಿಯ ತಿರುಳನ್ನು ಪಟ್ಟಿಯಂತೆ ಉದ್ದಕ್ಕೆ ಹೆರೆದು, ಬಿಸಿಲಿಗೆ ಒಣಗಿಸಿ, ಬೇಕಾದಾಗ ನೆನೆಸಿ, ಸಕ್ಕರೆ ಮತ್ತು ಸೋಯಾ ರಸದಲ್ಲಿ ಬೇಯಿಸುತ್ತಾರೆ. ತೊಚಿಗಿ ಪ್ರಾಂತ ಇದಕ್ಕೆ ಹೆಸರುವಾಸಿ. ಮಳೆಗಾಲಕ್ಕೆಂದು ಹಪ್ಪಳ ಸಂಡಿಗೆ ಒಣಗಿಸಿದ ಕೈಗಳಿಗೆ ಈ ಕೆಲಸ ಹೊಸದೆನಿಸದು.

ಹೀಗಿದ್ದರೂ ಸಸ್ಯಾಹಾರಿ ಎಚ್ಚರದಪ್ಪಬಾರದ ಒಂದು ಸ್ಥಳವಿದೆ. ಅದು ಕಣ್ಣಿಗೆ ಕಾಣುವ ಮೀನಲ್ಲ, ಕಾಣದ ಸಾರು. ಕತ್ಸುವೊ ಎಂಬ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಮರದಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ಹೆರೆದು ನೀರಿಗೆ ಹಾಕಿ ತೆಗೆದ ರಸ ಜಪಾನೀ ಅಡುಗೆಯ ತಳಹದಿ. ದಾಶಿ ಎಂಬ ಆ ರಸದಲ್ಲೇ ಬಹುಕಡೆ ಸೋರೆಯೂ ಬೇಯುತ್ತದೆ, ಅಣಬೆಯೂ ಬೇಯುತ್ತದೆ. ಮಿಸೊ ಸಾರು ಕುದಿಯುವುದೂ ಅದರಲ್ಲೇ. ‘ಮಾಂಸ ಬೇಡ’ ಎಂದರೆ ಸಾಲದು. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದಾಗಲೂ ಮೀನು ಆ ಪಟ್ಟಿಯಲ್ಲಿರಲಿಲ್ಲ. ಮಾಂಸವೇ ಬೇರೆ, ಮೀನೇ ಬೇರೆ ಎಂಬ ಎಣಿಕೆ ಅಲ್ಲಿನ ಮಾತಿನಲ್ಲಿ ಇಂದಿಗೂ ಉಳಿದಿದೆ. ಬಡಿಸುವವನಲ್ಲಿ ವಂಚನೆಯಿಲ್ಲ, ಕೇಳಿದ ಪ್ರಶ್ನೆಗೆ ಅವನ ಉತ್ತರ ಸರಿಯಾಗಿಯೇ ಇದೆ. ಕೇಳಬೇಕಾದ ಪ್ರಶ್ನೆ ‘ದಾಶಿ ಯಾವುದರದು?’ ಎಂಬುದು.

ಉತ್ತರವೂ ಅದೇ ನಾಡಿನಲ್ಲಿದೆ. ಬೌದ್ಧ ಮಠಗಳ ಶೋಜಿನ್ ಅಡುಗೆ ಮೀನನ್ನು ಮುಟ್ಟದು. ನಮ್ಮ ಮಠಗಳ ಪಾಕಶಾಲೆಯಂತೆ ಈರುಳ್ಳಿ ಬೆಳ್ಳುಳ್ಳಿಗಳನ್ನೂ ಹೊರಗಿಡುತ್ತದೆ. ದೋಗೆನ್ ಗುರುಗಳು 1237ರಲ್ಲಿ ಮಠದ ಅಡುಗೆಯವನ ಕರ್ತವ್ಯವನ್ನು ಕುರಿತೇ ಒಂದು ಗ್ರಂಥ ರಚಿಸಿದರೆಂದರೆ ಆ ಕೆಲಸಕ್ಕಿದ್ದ ಗೌರವ ತಿಳಿಯುತ್ತದೆ. ಅಲ್ಲಿ ದಾಶಿ ಸಿದ್ಧವಾಗುವುದು ಕೊಂಬು ಎಂಬ ಅಗಲವಾದ ಕಡಲಪಾಚಿಯಿಂದ, ಒಣ ಶಿಟಾಕೆ ಅಣಬೆಯಿಂದ. ಇಕೆದಾ ಕಿಕುನಾಯೆ ಎಂಬ ರಸಾಯನಜ್ಞ 1908ರಲ್ಲಿ ಗ್ಲುಟಮೇಟನ್ನು ಬೇರ್ಪಡಿಸಿ, ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟದ್ದು ಈ ಕೊಂಬುವಿನಿಂದಲೇ. ಪೂರ್ಣ ಸಸ್ಯಾಹಾರಿ ಸುಶಿ ಮಂದಿರಗಳು ಮಠದ ಈ ವಿದ್ಯೆಯನ್ನೇ ನೆಚ್ಚಿಕೊಂಡಿವೆ.

ಇನ್ನು ‘ಬೇಕಾದಷ್ಟು ತಿನ್ನಿ’ ಎಂಬ ಆಹ್ವಾನ. ಜಪಾನಿನಲ್ಲಿ ಇದಕ್ಕೆ ತಾಬೆಹೋದಾಯಿ ಎಂದು ಹೆಸರು. ಟೋಕಿಯೋದ ಇಂಪೀರಿಯಲ್ ಹೋಟೆಲು ಯುರೋಪಿನ ಉತ್ತರದೇಶಗಳ ಊಟದ ಮೇಜನ್ನು ಮಾದರಿಯಾಗಿಟ್ಟುಕೊಂಡು 1958ರಲ್ಲಿ ಇಂಥ ಊಟವನ್ನು ಆರಂಭಿಸಿತು. ಅದೇ ವರ್ಷ ಒಸಾಕಾದ ಕಡೆಯಲ್ಲಿ ಶಿರಾಯಿಶಿ ಯೋಶಿಯಾಕಿ ಎಂಬವರು ಚಲಿಸುವ ಪಟ್ಟಿಯ ಮೇಲೆ ಸುಶಿಯ ತಟ್ಟೆಗಳನ್ನು ಹರಿಯಬಿಟ್ಟರು. ಬಿಯರ್ ಕಾರ್ಖಾನೆಯಲ್ಲಿ ಸಾಲಾಗಿ ಸಾಗುವ ಬಾಟಲಿಗಳು ಅವರಿಗೆ ಸ್ಫೂರ್ತಿ. ಕೆನಡಾದ ಟೊರೊಂಟೊದಂಥ ನಗರಗಳಲ್ಲಿ ಮಿತಿಯಿಲ್ಲದ ಸುಶಿ ಈಗ ವಿದ್ಯಾರ್ಥಿಗಳ ಹಬ್ಬದೂಟವೇ ಆಗಿದೆ.

ಇಂಥ ಊಟದ ಸಾಮಾನ್ಯ ಮನೆಯೊಂದರಲ್ಲಿ ಸಸ್ಯಾಹಾರಿಯ ಪಾಡು ಅಷ್ಟೇನೂ ಸುಖದ್ದಲ್ಲ. ದರ ಎಲ್ಲರಿಗೂ ಒಂದೇ. ಪಕ್ಕದವನು ಟ್ಯೂನಾ ತಿನ್ನುತ್ತಾನೆ, ಇವನು ಸೌತೆಕಾಯಿ. ಲೆಕ್ಕ ಹಾಕಿದರೆ ಪಕ್ಕದವನ ಮೀನಿನ ಬೆಲೆಯಲ್ಲಿ ಇವನದೂ ಒಂದು ಪಾಲು. ಪಟ್ಟಿಯ ಕೊನೆಯಲ್ಲಿ ಮೂರು ನಾಲ್ಕು ಹೆಸರುಗಳಷ್ಟೇ ಇವನ ಪಾಲಿಗೆ. ಸಸ್ಯಾಹಾರದ ಮನೆಯಲ್ಲಿ ಪಟ್ಟಿ ಮೊದಲಿನಿಂದ ಕೊನೆಯವರೆಗೂ ಇವನದೇ: ಮಿಸೊ ಸವರಿ ಸುಟ್ಟ ಬದನೆ, ಬೆಣ್ಣೆಹಣ್ಣು, ಹುರಿದ ಅಣಬೆ. ಪ್ರಶ್ನೆ ಕೇಳದೆ ಕೈಹಾಕುವ ನಿಶ್ಚಿಂತೆ ಪರಊರಿನಲ್ಲಿ ಉದ್ಯೋಗಕ್ಕಿರುವವನಿಗೆ ಸಣ್ಣದಲ್ಲ.

ನಮ್ಮ ಪಂಕ್ತಿಯೂಟಕ್ಕೂ ಇದಕ್ಕೂ ಒಂದು ಭೇದವಿದೆ. ಅಲ್ಲಿ ಬೇಡವೆಂದರೂ ಬಡಿಸುತ್ತಾರೆ. ಇಲ್ಲಿ ಕೇಳಿದ್ದನ್ನು ಮುಗಿಸಲೇಬೇಕು. ಸಾಮಾನ್ಯವಾಗಿ ಒಂದೂವರೆ ಅಥವಾ ಎರಡು ಗಂಟೆಯ ಅವಧಿ. ತಟ್ಟೆಯಲ್ಲಿ ಉಳಿಸಿದರೆ ಹಲವೆಡೆ ಬೇರೆ ದಂಡ. ಮೇಲಿನದನ್ನು ತಿಂದು ಅನ್ನ ಬಿಡುವವನಿಗೂ ಅದೇ ಶಿಕ್ಷೆ. ಈ ನಿಯಮ ನ್ಯಾಯವಾದುದೇ. ಕುಚ್ಚಲಕ್ಕಿಗೆ ಒಗ್ಗಿದ ಹೊಟ್ಟೆ ಇಲ್ಲಿ ಮೋಸಹೋಗುವುದುಂಟು: ಗುಂಡುಕಾಳಿನ ಅಂಟಂಟು ಅನ್ನ, ಅದರಲ್ಲಿ ಸಕ್ಕರೆ, ಆರೇಳು ತುಣುಕಿನವರೆಗೆ ಹಗುರವೆನಿಸಿ ಆಮೇಲೆ ಒಮ್ಮೆಗೇ ಭಾರವಾಗುತ್ತದೆ. ಸೌತೆಯಿಂದ ಆರಂಭಿಸಿ, ನಡುನಡುವೆ ಶುಂಠಿಯ ಉಪ್ಪಿನಕಾಯಿ ಕಚ್ಚಿಕೊಂಡು, ಬದನೆ ಸೋರೆಗಳ ಕಡೆಗೆ ನಿಧಾನವಾಗಿ ಸಾಗುವುದು ಲೇಸು. ಕರಿದ ತೋಫುವಿನ ಚೀಲದಲ್ಲಿ ಅನ್ನ ತುಂಬಿದ ಇನಾರಿಯನ್ನು, ಅದರ ದಾಶಿ ಕೊಂಬುವಿನದೆಂದು ಖಚಿತವಿದ್ದಲ್ಲಿ, ಕೊನೆಗೆ ಇಟ್ಟುಕೊಳ್ಳಬೇಕು. ಸಿಹಿಯಾದ್ದರಿಂದ ಅದು ಪಾಯಸದ ಸ್ಥಾನವನ್ನು ತಕ್ಕಮಟ್ಟಿಗೆ ತುಂಬುತ್ತದೆ.