ಮೀಟರಿಗೆ ಹಸಿವಿಲ್ಲ, ಬಲ್ಬಿಗಿದೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟ್ ಕವರು, ಹಾರ್ನು, ಹೆಡ್‌ಲೈಟು ಏನು ಬೇಕಾದರೂ ಸಿಗುತ್ತದೆ. ಅಲ್ಲಿನ ಅಡ್ಡರಸ್ತೆಯೊಂದರಲ್ಲಿ ಕೂರುವ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಕೈಯಲ್ಲಿರುವ ಸಾಧನ ಮಾತ್ರ ಯಾವ ಅಂಗಡಿಯದೂ ಅಲ್ಲ. ಹಳೇ ಸ್ಕ್ರೂಡ್ರೈವರಿನ ಹಿಡಿಯೊಳಗೆ 12 ವೋಲ್ಟಿನ ಪುಟ್ಟ ಬಲ್ಬು, ತುದಿಗೆ ಗೋಣಿ ಹೊಲಿಯುವ ದಬ್ಬಳ, ಹಿಂದಿನಿಂದ ಹೊರಟ ವೈರಿನ ಕೊನೆಗೊಂದು ಕ್ಲಿಪ್ಪು. ಇದೇ ಅವರ ಟೆಸ್ಟ್ ಲ್ಯಾಂಪು.

ಕಾರಿನ ಚಾರ್ಜರ್ ಪಾಯಿಂಟ್ ಸತ್ತಿದೆ ಎಂದು ಬಂದವರಿಗೆ ಮೊದಲ ಪ್ರಶ್ನೆ: “ಕೊನೇ ಸಲ ಏನ್ ಚುಚ್ಚಿದ್ರಿ ಸಾರ್?” ಟೈರಿಗೆ ಗಾಳಿ ತುಂಬುವ ಪಂಪು ಎಂದರೆ ಕೈ ನೇರ ಫ್ಯೂಸ್ ಡಬ್ಬಿಗೆ ಹೋಗುತ್ತದೆ. ಕೆಂಪು ಫ್ಯೂಸ್ 10 ಆಂಪಿಯರಿನದು, ಅಂದರೆ ಸುಮಾರು 120 ವ್ಯಾಟ್. ಅದನ್ನು ಪಂಪೊಂದೇ ನುಂಗಬಲ್ಲದು. ಹಾಕಿದ ಹೊಸ ಫ್ಯೂಸೂ ಹೋದರೆ ಟಾರ್ಚ್ ಬಿಟ್ಟು ಪಾಯಿಂಟಿನೊಳಗೆ ಇಣುಕುತ್ತಾರೆ. ಎಷ್ಟೋ ಸಲ ಅಲ್ಲೊಂದು ರೂಪಾಯಿ ನಾಣ್ಯ ಬಿದ್ದು, ನಡುವಿನ ಪಾಸಿಟಿವ್‌ಗೂ ಸುತ್ತಲಿನ ಅರ್ಥ್‌ಗೂ ಸೇತುವೆಯಾಗಿರುತ್ತದೆ. ಕೆಂಪು ಫ್ಯೂಸಿನ ಜಾಗಕ್ಕೆ 20 ಆಂಪಿಯರಿನ ಹಳದಿ ತುರುಕಿ ಬಂದವರನ್ನು ಕಂಡರೆ ಅವರಿಗೆ ಸಿಟ್ಟು. ಆಗ ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ.

ಫ್ಯೂಸ್ ಸರಿಯಿದ್ದೂ ಕರೆಂಟ್ ಇಲ್ಲದಿದ್ದರೆ ದಬ್ಬಳದ ಸರದಿ. ಕ್ಲಿಪ್ಪು ಬಾಡಿಯ ಕಬ್ಬಿಣಕ್ಕೆ, ಮೊನೆ ಪಾಯಿಂಟಿನ ನಡುವಿಗೆ. ಬಲ್ಬು ಉರಿಯಿತೆ? ಕ್ಲಿಪ್ಪನ್ನು ಪಾಯಿಂಟಿನ ಒಳಗೋಡೆಗೆ ಬದಲಿಸುತ್ತಾರೆ. ಈಗ ಮಂಕಾದರೆ ದೋಷ ಅರ್ಥ್‌ನಲ್ಲಿ. ಡ್ಯಾಶ್‌ಬೋರ್ಡ್ ಬಿಚ್ಚಿ, ಕಿಲುಬು ಹಿಡಿದ ತುದಿ ಉಜ್ಜಿ, ಮತ್ತೆ ಬಿಗಿದರೆ ಮುಗಿಯಿತು.

ಡಿಜಿಟಲ್ ಮೀಟರ್ ಯಾಕೆ ಬೇಡ? “ಮೀಟರಿಗೆ ಹಸಿವಿಲ್ಲ ಸಾರ್, ಬಲ್ಬಿಗಿದೆ.” ಮಾತು ಸರಿಯೇ. ಮೀಟರ್ ಎಳೆಯುವ ಕರೆಂಟ್ ಅತ್ಯಲ್ಪ. ಒಂದೆಳೆ ತಂತಿ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಬಲ್ಬು ನಿಜವಾಗಿ ಕರೆಂಟ್ ಕೇಳುವುದರಿಂದ ಕೆಟ್ಟ ಜೋಡಣೆ ಅಲ್ಲೇ ಸಿಕ್ಕಿಬೀಳುತ್ತದೆ.

ಈ ಪಾಯಿಂಟಿನ ಚರಿತ್ರೆ ಅವರ ಬಾಯಲ್ಲಿ ಎರಡೇ ಮಾತು: ಮೊದಲು ಸಿಗರೇಟಿಗಿತ್ತು, ಮೊಬೈಲ್ ಬಂದ ಮೇಲೆ ಚಾರ್ಜರಿಗಾಯಿತು. ಅವರು ಕೆಲಸ ಕಲಿತದ್ದು ಅಂಬಾಸಡರಿನ ಮೇಲೆ. ಅದರ ತಯಾರಿಕೆ 2014ರಲ್ಲೇ ನಿಂತಿತು.

ಹೊಸ ಕಾರುಗಳಲ್ಲಿ ಯುಎಸ್‌ಬಿ ಕಿಂಡಿ. ಹಿಂದೆ ಪುಟ್ಟ ಸರ್ಕ್ಯೂಟ್ ಬೋರ್ಡ್, ಹೊರಗೆ ಸಾಮಾನ್ಯವಾಗಿ 5 ವೋಲ್ಟ್. ಅಲ್ಲಿ ದಬ್ಬಳ ಚುಚ್ಚುವಂತಿಲ್ಲ; ಕೆಟ್ಟರೆ ಇಡೀ ತುಂಡನ್ನೇ ಬದಲಿಸುವುದು ರೂಢಿ. ಉಜ್ಜಿ ಸರಿಮಾಡಬಹುದಾದ ಎಷ್ಟೋ ತುಂಡುಗಳೂ ಹೀಗೆ ಗುಜರಿ ಸೇರುತ್ತವೆ ಎಂಬುದು ನನ್ನ ಅನುಮಾನ. ಅವರ ಬಳಿ ಕೊನೆಗೆ ಕೆಲಸ ಕಲಿತ ಹುಡುಗ ಈಗ ಷೋರೂಮೊಂದರಲ್ಲಿದ್ದಾನೆ, ಸ್ಕ್ಯಾನರ್ ತೋರಿಸಿದ್ದನ್ನು ಬದಲಿಸುತ್ತಾನೆ. ಸಂಬಳ ಚೆನ್ನಾಗಿದೆಯಂತೆ.